ಅಪ್ಪ ಸೆರೆಹಿಡಿದ ಹದಿನಾಲ್ಕು ಮಂದಿ

ಎ.ಸಿ. ತಂಪು ಹೆಚ್ಚಾಯಿತೆಂದು ಬೀರುವಿನಿಂದ ಶಾಲು ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಹೊರಗೆ ಟೆಕ್ಸಸ್‌ನ ಫ್ಲೂಗರ್‌ವಿಲ್‌ನ ಬಿಸಿಲಿಗೆ ಕಾರಿನ ಬಾನೆಟ್ ಮೇಲೆ ದೋಸೆ ಹುಯ್ಯಬಹುದು. ಒಳಗೆ ನಾನು ಶಾಲು ಹೊದೆಯಬೇಕು. ಹೊದ್ದಾಗಲೆಲ್ಲ ಚಳಿ ಹೋಗುವ ಮೊದಲೇ ನಾಚಿಕೆ ಬರುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ. ಇದು ಸನ್ಮಾನದ ಶಾಲು. ಸನ್ಮಾನ ಸಿಕ್ಕಿದ್ದು ಒಂದು ಸುಳ್ಳಿಗೆ.

ಪಕ್ಕದ ಮನೆಯ ವಾಲ್ಟರ್ ನನ್ನ ವಾರಿಗೆಯವರು. ಎರಡನೆಯ ಮಹಾಯುದ್ಧದಲ್ಲಿ ಅವರ ತಂದೆ ಜರ್ಮನಿಯ ಒಂದು ಕಾಲ್ದಳ ಡಿವಿಷನ್ನಿನ ಸಿಪಾಯಿ. ಇಟಲಿಯಲ್ಲಿ ಸೆರೆಸಿಕ್ಕು, ಕೈದಿಯಾಗಿ ಟೆಕ್ಸಸ್‌ಗೆ ಬಂದು ಹತ್ತಿ ಬಿಡಿಸಿದವರು. ಯುದ್ಧ ಮುಗಿದು ಮನೆಗೆ ಹೋದಮೇಲೂ ಈ ನೆಲ ಮರೆಯಲಾಗದೆ ಸಂಸಾರ ಸಮೇತ ಮರಳಿದವರು. ನಿವೃತ್ತಿಯಾದಮೇಲೆ ವಾಲ್ಟರ್ ಆ ಡಿವಿಷನ್ನಿನ ಚರಿತ್ರೆ ಬರೆಯಲು ಕೂತರು. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಗೋಡೆ ತುಂಬ ನಕ್ಷೆ, ಬಣ್ಣಬಣ್ಣದ ಗುಂಡುಪಿನ್ನು. ನಮ್ಮಲ್ಲಿ ವಂಶವೃಕ್ಷ ಬರೆಸುವವರು ಜಗಳಗಂಟ ಚಿಕ್ಕಪ್ಪನನ್ನು ಮೆಲ್ಲಗೆ ಬಿಟ್ಟುಬಿಡುತ್ತಾರಲ್ಲ, ಯುದ್ಧದ ಚರಿತ್ರೆಯೂ ಹಾಗೆಯೇ ಎಂದು ನನಗೆ ಆಮೇಲೆ ತಿಳಿಯಿತು.

ಒಂದು ದಿನ ಅವರು, "ನಿಮ್ಮ ತಂದೆಯೂ ಇಟಲಿಯಲ್ಲಿದ್ದರೇ? ಏನು ಮಾಡುತ್ತಿದ್ದರು?" ಎಂದು ಕೇಳಿದರು.

ಅಪ್ಪ ಬ್ರಿಟಿಷರ ಪಲ್ಟನ್ನಿನಲ್ಲಿ ಹೇಸರಗತ್ತೆ ಕಾಯುತ್ತಿದ್ದ. ಹದಿನಾಲ್ಕು ಹೇಸರಗತ್ತೆ. ಮೈ ತಿಕ್ಕಿ, ಲದ್ದಿ ಬಳಿದು, ಬೆನ್ನಿಗೆ ಮದ್ದುಗುಂಡು ಹೇರಿ ಬೆಟ್ಟ ಹತ್ತಿಸುವ ಕೆಲಸ. ಆ ನಕ್ಷೆಗಳ ಎದುರು ಲದ್ದಿಯ ಮಾತು ಬಾಯಿಗೆ ಬರಲಿಲ್ಲ. ನನ್ನದು ಹೈಸ್ಕೂಲ್ ಇಂಗ್ಲಿಷ್. ಅದರಲ್ಲಿ ಸತ್ಯಕ್ಕೆ ಬೇಕಾದಷ್ಟು ಮಾತುಗಳಿರಲಿಲ್ಲ, ಸುಳ್ಳಿಗೆ ಧಾರಾಳವಾಗಿದ್ದವು. "ಹದಿನಾಲ್ಕು ಜರ್ಮನರನ್ನು ಸೆರೆಹಿಡಿದ," ಎಂದೆ. ಸಂಖ್ಯೆಯಾದರೂ ನಿಜವಿರಲಿ ಎಂದು. ವಾಲ್ಟರ್ ಬರೆದುಕೊಂಡರು.

ಸುದ್ದಿ ಆಸ್ಟಿನ್ ದಾಟಿ ಹ್ಯೂಸ್ಟನ್ ಮುಟ್ಟಿತು. ರಾಜ್ಯೋತ್ಸವಕ್ಕೆ ಅಲ್ಲಿನ ಕನ್ನಡದವರು ನಮ್ಮಿಬ್ಬರನ್ನೂ ಪಕ್ಕದ ಕೇಟಿ ಎಂಬ ಊರಿಗೆ ಕರೆಸಿ, ಅಕ್ಕಪಕ್ಕ ಕೂರಿಸಿ, ಶಾಲು ಹೊದಿಸಿ, ಮೈಸೂರು ಪೇಟ ಇಟ್ಟರು.

"ಒಬ್ಬರ ತಂದೆ ಹಿಡಿದವರು, ಇನ್ನೊಬ್ಬರ ತಂದೆ ಸಿಕ್ಕಿಬಿದ್ದವರು! ಈಗ ಇಬ್ರೂ ಒಟ್ಟಿಗೆ ವಾಕಿಂಗ್ ಹೋಗ್ತಾರೆ! ಜೋರಾಗಿ ಚಪ್ಪಾಳೆ!" ಎಂದು ಕಾರ್ಯದರ್ಶಿ ಮೈಕಿನಲ್ಲಿ ಕೂಗಿದ. ವಾಲ್ಟರ್ ಅವರ ಪೇಟ ಕಿವಿಯವರೆಗೂ ಇಳಿದಿತ್ತು. ಬಿಸಿಬೇಳೆಬಾತಿನ ಹೊತ್ತಿಗೆ ಮಹಾಯುದ್ಧ ಮುಗಿಯಿತು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಮರೆಯಬಹುದಿತ್ತು. ಡಲ್ಲಾಸ್‌ನ ಮುದ್ರಕರಿಗೆ ಕಳಿಸುವ ಮುಂಚೆ ವಾಲ್ಟರ್ ಹಸ್ತಪ್ರತಿಯನ್ನು ನನಗೆ ಓದಲು ಕೊಟ್ಟರು. ಅಪ್ಪನ ಸಾಹಸ ಬರುವುದಕ್ಕೆ ಎರಡು ಪುಟ ಮೊದಲು ಹೀಗಿತ್ತು: "ಬೆಟ್ಟದ ಹಳ್ಳಿಯೊಂದರಲ್ಲಿ ಆರು ದಿನ ವಿಶ್ರಾಂತಿ. ಅಲ್ಲಿನ ಚರ್ಚಿನ ಗಡಿಯಾರಕ್ಕೆ ಒಂದೇ ಮುಳ್ಳು."

ಆ ಗಡಿಯಾರ ನನಗೆ ಗೊತ್ತು. ಮುಪ್ಪಿನಲ್ಲಿ ಅಪ್ಪ ಧಾರವಾಡದ ಮನೆಯ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ: "ಜರ್ಮನರು ಬಿಟ್ಟುಹೋದ ಮರುದಿನ ಆ ಊರಿಗೆ ಹೋದ್ವಿ. ಗಡಿಯಾರಕ್ಕ ಒಂದ ಮುಳ್ಳ ಇತ್ತು. ಮನಿ ಎಲ್ಲಾ ಸುಟ್ಟಿದ್ವು. ಒಳಗ ಮಂದಿ ಇದ್ರು. ಹದಿನಾಲ್ಕೂ ಪ್ರಾಣಿ ಊರ ಬಾಗಲದಾಗ ನಿಂತುಬಿಟ್ವು ನೋಡು. ಎಷ್ಟ ಹೊಡದರೂ ಹೆಜ್ಜಿ ಇಡಲಿಲ್ಲ. ವಾಸನಿಗೆ."

ಇದನ್ನು ಹೇಳಬೇಕೆಂದರೆ ಅಪ್ಪ ಹೇಸರಗತ್ತೆಯವನೆಂದು ಒಪ್ಪಬೇಕು. ನಾನು "ಚೆನ್ನಾಗಿದೆ" ಎಂದು ಹೇಳಿ ಪ್ರತಿಯನ್ನು ಮರಳಿಸಿದೆ. ಒಂದು ಶಾಲಿಗಾಗಿ ಸತ್ತವರ ಬಾಯಿ ಮುಚ್ಚಿಸಿದೆ.

ಮಗಳು ಸುಧಾಳ ಮುಂದೆ ಎಲ್ಲ ಹೇಳಿಕೊಂಡಾಗ ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. "ಅಪ್ಪಾ, ಪುಸ್ತಕ ಸೋಮವಾರ ಪ್ರಿಂಟಿಗೆ ಹೋಗ್ತದ. ಅಳೋದು ಆಮ್ಯಾಲೆ ಅಳ್ರಿ. ಮೊದಲ ಅವರ ಮನಿಗೆ ಹೋಗ್ರಿ," ಎಂದಳು.

ಹೋದೆ. ಗ್ಯಾರೇಜಿನಲ್ಲಿ ನಿಂತು ಹೇಸರಗತ್ತೆಯಿಂದ ಶುರುಮಾಡಿದೆ. ವಾಲ್ಟರ್ ನಗುತ್ತಲೇ ಪೆನ್ಸಿಲ್ ತೆಗೆದು ಹದಿನಾಲ್ಕು ಜರ್ಮನರನ್ನು ಹೊಡೆದುಹಾಕಿದರು. "ಇಷ್ಟೇನಾ? ನಮ್ಮಪ್ಪನೂ ಯುದ್ಧವಿಡೀ ಆಲೂಗಡ್ಡೆ ಸುಲಿದೆ ಅಂತಲೇ ಹೇಳುತ್ತಿದ್ದ," ಎಂದರು.

ಆಮೇಲೆ ಗಡಿಯಾರದ, ಸುಟ್ಟ ಮನೆಗಳ ಮಾತು ಬಂತು. ಅವರ ನಗು ನಿಂತಿತು. ನಕ್ಷೆಯ ಕಡೆ ತಿರುಗಿ, ಆ ಬೆಟ್ಟಕ್ಕೆ ಚುಚ್ಚಿದ್ದ ಹಸಿರು ಗುಂಡುಪಿನ್ನನ್ನು ನೋಡಿದರು.

"ಹಸಿರು ಅಂದರೆ ವಿಶ್ರಾಂತಿ," ಎಂದರು, ನನಗಲ್ಲ. ಪೆನ್ಸಿಲ್ ಕೆಳಗಿಟ್ಟು, "ಆ ಗಡಿಯಾರದ ಕಥೆ ಹೇಳಿ ಅಪ್ಪ ನಮ್ಮನ್ನು ನಗಿಸುತ್ತಿದ್ದ. ಆರು ದಿನ ಏನು ಮಾಡಿದಿರಿ ಎಂದು ನಾನು ಕೇಳಲೇ ಇಲ್ಲ," ಎಂದರು. ಮತ್ತೆ ಪೆನ್ಸಿಲ್ ಎತ್ತಿಕೊಂಡರು. "ಪ್ರಾಣಿಗಳು ಎಲ್ಲಿ ನಿಂತವು? ಇನ್ನೊಮ್ಮೆ ಹೇಳಿ. ನಿಧಾನವಾಗಿ."

ಪುಸ್ತಕ ಆ ಸೋಮವಾರ ಪ್ರಿಂಟಿಗೆ ಹೋಗಲಿಲ್ಲ. ತಂದೆಯ ಹೆಸರಿಗೆ ಮಸಿ ಬಳಿದರೆಂದು ವಾಲ್ಟರ್ ಅವರ ತಮ್ಮ ಅವರ ಫೋನ್ ಎತ್ತುವುದನ್ನೇ ಬಿಟ್ಟಿದ್ದಾನೆ. ನಾನೂ ಕಾರ್ಯದರ್ಶಿಗೆ ಫೋನ್ ಮಾಡಿ, ತಪ್ಪೊಪ್ಪಿಕೊಂಡು, ಶಾಲು ಹಿಂದಿರುಗಿಸುತ್ತೇನೆ ಎಂದೆ. "ಅಂಕಲ್, ಶಾಲು ರಿಟರ್ನ್ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ. ಇಟ್ಕೊಳ್ಳಿ, ಎ.ಸಿ.ಗೆ ಆಗುತ್ತೆ," ಎಂದ. ಆಗುತ್ತಿದೆ.

ಇವತ್ತು ಬೆಳಗ್ಗೆ ವಾಲ್ಟರ್ ತಿದ್ದಿದ ಪುಟ ತಂದುಕೊಟ್ಟರು. ಅದನ್ನು ಓದಲೆಂದೇ ಶಾಲು ಹೊದ್ದು ಕೂತದ್ದು. ವಿಶ್ರಾಂತಿ ಎಂಬ ಮಾತು ಹೋಗಿದೆ. ಸುಟ್ಟ ಮನೆಗಳಿವೆ, ಒಳಗಿದ್ದವರಿದ್ದಾರೆ. ಊರ ಬಾಗಿಲಲ್ಲಿ ನಿಂತ ಹದಿನಾಲ್ಕು ಪ್ರಾಣಿಗಳಿವೆ. ಕೊನೆಯಲ್ಲಿ, ಒಂದು ಜರ್ಮನ್ ಡಿವಿಷನ್ನಿನ ಚರಿತ್ರೆಯಲ್ಲಿ, ಅಪ್ಪನ ಹೆಸರು. ಅದರ ಮುಂದೆ ಅವನ ಕೆಲಸ: ಹೇಸರಗತ್ತೆ ಕಾಯುವವನು.

ಎರಡು ಸಲ ಓದಿದೆ. ಸೆಕೆಯೆನಿಸಿತು. ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿದೆ.