ಓಡಿಸಿದ ಸೀನು

"ಸಾರ್, ಹದಿನೈದನೇ ತಾರೀಕು ಮಕ್ಕಳಿಗೆ ತೋರ್ಸಕ್ಕೆ ಒಂದು ಒಳ್ಳೆ ದೇಶಭಕ್ತಿ ಪಿಚ್ಚರ್ ಹೇಳಿ" ಅಂತ ಸವಿತಾ ಮೊನ್ನೆ ಫೋನ್ ಮಾಡಿದಳು. ನನ್ನ ಹಳೇ ವಿದ್ಯಾರ್ಥಿನಿ. ಅಜ್ಜಂಪುರದಲ್ಲಿ ನಾನು ಪಾಠ ಮಾಡಿದ ಶಾಲೆಗೇ ಈಗ ಹೆಡ್ ಮೇಡಂ. ಮೊಬೈಲಲ್ಲಿ ಹುಡುಕಿದರೆ ಮಾರುದ್ದದ ಪಟ್ಟಿ ಬರುತ್ತದಂತೆ, ಆರಿಸುವುದೇ ಕಷ್ಟವಂತೆ. ಮುಂಚೆ ನೀವೇ ಅಲ್ವಾ ಸಾರ್ ಆರಿಸ್ತಿದ್ದಿದ್ದು ಅಂದಳು. ನಾನು ಹ್ಞೂಂ ಅಂದುಬಿಟ್ಟೆ. ಆ ಒಂದು ಹ್ಞೂಂಕಾರಕ್ಕೆ ಇವತ್ತು ನಿಮ್ಮ ಮುಂದೆ ಇಷ್ಟು ಹೇಳಬೇಕಾಗಿದೆ ನೋಡಿ.

ಆರಿಸುತ್ತಿದ್ದವರು ರಹಮತ್ ಸಾಬರು. ಪೇಟೆ ಬೀದಿಯಲ್ಲಿ ಅವರದ್ದೊಂದು ಮೈಕ್‌ಸೆಟ್ ಅಂಗಡಿ. ಮದುವೆಗೆ, ಹಬ್ಬಕ್ಕೆ, ಓಟಿಗೆ, ಯಾರು ಕರೆದರೂ ಹೋಗಿ ಹಾರನ್ ಸ್ಪೀಕರ್ ಕಟ್ಟೋರು. ಊರಲ್ಲಿ ವಿಸಿಆರ್ ಇದ್ದದ್ದೂ ಅವರೊಬ್ಬರ ಹತ್ತಿರ. ಆಗಸ್ಟ್ ಹುಟ್ಟಿದರೆ ಸಾಕು, ರೈಲು ಹತ್ತಿ ಬೀರೂರಿಗೆ ಹೋಗಿ ನಾಲ್ಕು ಕ್ಯಾಸೆಟ್ ತರೋರು. ನಾಲ್ಕನ್ನೂ ಮನೆಯಲ್ಲಿ ಪೂರಾ ನೋಡಿ ಒಂದನ್ನು ಇಟ್ಟುಕೊಂಡು, ಮೂರನ್ನು ವಾಪಸ್ ಕೊಟ್ಟು ಬರೋರು. ಒಂದು ಪಿಚ್ಚರಿಗೆ ಇಷ್ಟು ಒದ್ದಾಟ ಯಾಕೆ ಅಂತ ನಾವೆಲ್ಲ ನಗುತ್ತಿದ್ದೆವು.

ಬೆಳಿಗ್ಗೆ ಬಾವುಟ ಏರಿಸೋ ಹೊತ್ತಿಗೆ ರೇಡಿಯೋದಲ್ಲಿ ಬರುವ ದೆಹಲಿ ಭಾಷಣವನ್ನು ಸಾಬರು ಮೈಕಿಗೆ ಹಚ್ಚೋರು. ಹಿಂದಿ ಅರ್ಥವಾಗುತ್ತಿದ್ದದ್ದು ಅವರೊಬ್ಬರಿಗೇ. ಭಾಷಣ ಉದ್ದವಾದರೆ ಸೌಂಡು ತಗ್ಗಿಸಿ, "ರೈತರಿಗೆ ಒಳ್ಳೇದು ಮಾಡ್ತಾರಂತೆ ಕಣ್ರಪ್ಪ" ಅಂತ ನಮ್ಮ ಭಾಷೆಯಲ್ಲಿ ಹೇಳಿ ಮತ್ತೆ ಜೋರು ಮಾಡೋರು. ಅರ್ಧ ಗಂಟೆಯ ಮಾತು ಅವರ ಬಾಯಲ್ಲಿ ಮೂರು ವಾಕ್ಯಕ್ಕೆ ಇಳಿಯುತ್ತಿತ್ತು. ಪಾಠವನ್ನೂ ಹಾಗೆ ಮಾಡೋದು ನನಗೆ ಬಂದಿದ್ದರೆ ನನ್ನ ಮಕ್ಕಳು ಉದ್ಧಾರವಾಗಿರೋರು.

ಪಿಚ್ಚರ್ ಮಧ್ಯಾಹ್ನ, ಶಾಲೆಯ ಹಾಲಲ್ಲಿ. ಕಿಟಕಿಗೆಲ್ಲ ಗೋಣಿಚೀಲ ಕಟ್ಟಿ ಕತ್ತಲೆ ಮಾಡುತ್ತಿದ್ದೆವು. ಮುಂದಿನ ಬೆಂಚು ಗೌರಮ್ಮನವರಿಗೆ. ಅವರ ಒಬ್ಬನೇ ಮಗ ಮಿಲಿಟರಿಗೆ ಸೇರಿ ಅಲ್ಲೇ ತೀರಿಕೊಂಡಿದ್ದ. ಹಾಗಾಗಿ ಪ್ರತಿ ವರ್ಷ ಅವರ ಕೈಲಿ ಪಟಗಳಿಗೆ ಹೂವು ಹಾಕಿಸಿ, ಮಧ್ಯಾಹ್ನ ಟೀವಿಯ ಎದುರಿಗೇ ತಂದು ಕೂರಿಸುತ್ತಿದ್ದೆವು. ಅದು ನಾವು ಮಾಡುವ ದೊಡ್ಡ ಗೌರವ ಅಂದುಕೊಂಡಿದ್ದೆವು.

ಪಿಚ್ಚರಲ್ಲಿ ಒಂದು ಜಾಗ ಬರುತ್ತಿದ್ದಂತೆ ಸಾಬರು ಫಾರ್ವರ್ಡ್ ಒತ್ತಿ ಟೇಪು ಓಡಿಸಿಬಿಡೋರು. ತೆರೆಯ ಮೇಲೆ ಸಿಪಾಯಿಗಳು ದಡಬಡ ಓಡಿ, ದಡಬಡ ಬಿದ್ದು, ಮುಂದಿನ ಹಾಡು ಶುರುವಾಗಿರುತ್ತಿತ್ತು. ಮಕ್ಕಳು ಬಿದ್ದುಬಿದ್ದು ನಗುತ್ತಿದ್ದವು. ಯಾಕೆ ಸಾಬರೇ ಅಂದರೆ, "ವಿಸಿಆರ್ ಹೆಡ್ ಗಲೀಜಾಗ್ಯದೆ, ಟೇಪ್ ಸಿಗಾಕ್ಕಂತದೆ" ಅನ್ನೋರು. ಪ್ರತಿ ವರ್ಷ ಅಂಥದೇ ಜಾಗದಲ್ಲಿ ಹೆಡ್ ಗಲೀಜಾಗುವುದು ಹೇಗೆ ಅಂತ ಒಬ್ಬರಿಗೆ ಅನುಮಾನ ಬಂತು. ಶಾಲೆಯ ಸಮಿತಿ ಮೀಟಿಂಗಿನಲ್ಲಿ ಅವರು ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಬಲಿದಾನದ ಸೀನೇ ಓಡ್ಸೋದು. ದೇಶಕ್ಕೆ ಸಾಯೋದನ್ನ ತೋರ್ಸಕ್ಕೆ ಸಾಬರಿಗೆ ಮನಸ್ಸಿಲ್ಲ, ಬಿಡಿ."

ಯಾರೂ ಅಲ್ಲ ಅನ್ನಲಿಲ್ಲ. ನನ್ನ ಬಾಯಲ್ಲೂ ಕಡುಬು ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಯಾರೋ ಈ ಸಲ ಮೇಷ್ಟ್ರೇ ಆರಿಸಲಿ ಅಂದರು. ನಾಚಿಕೆಗೇಡು, ನನಗೆ ಒಳಗೊಳಗೇ ಖುಷಿಯಾಯಿತು. ಮಾತು ಆಡಿದರೆ ಹೋಯ್ತು ಅನ್ನುತ್ತಾರೆ. ಆಡದಿದ್ದರೂ ಹೋಗುತ್ತೆ ಕಣ್ರೀ.

ಅಂಗಡಿಗೆ ಹೋಗಿ, ನಿಮಗೂ ವಯಸ್ಸಾಯಿತು, ಒಂದು ವರ್ಷ ಆರಾಮಾಗಿ ಕೂತು ನೋಡಿ ಅಂತ ಸುತ್ತಿಬಳಸಿ ಹೇಳಿದೆ. ಸಾಬರು ನನ್ನ ಮುಖವನ್ನೇ ನೋಡಿದರು. ಯಾವ ಪಿಚ್ಚರ್ ಅಂತ ತಿಳಿದುಕೊಂಡು, ತಾವೇ ಬೀರೂರಿಂದ ಕ್ಯಾಸೆಟ್ ತಂದು, ವಿಸಿಆರ್ ಒರೆಸಿ ಕೊಟ್ಟರು. "ಡಬ್ಬಿ ಒಳಗೆ ಚೀಟಿ ಮಡಗಿದೀನಿ, ಓದ್ಕಳಿ ಮೇಷ್ಟ್ರೇ" ಅಂದರು. ಮೆಷಿನ್ ಹಾಕೋದು ಹೇಗೆ ಅಂತ ಬರೆದಿರಬೇಕು, ನನಗೇನು ಅಷ್ಟೂ ಗೊತ್ತಿಲ್ಲವಾ ಅಂದುಕೊಂಡೆ. ಊರಿನ ಮಕ್ಕಳಿಗೆಲ್ಲ ಓದು ಓದು ಅಂತ ಬೆತ್ತ ತೋರಿಸಿದವನು ಆ ಎರಡು ಸಾಲು ಓದಲಿಲ್ಲ.

ಹದಿನೈದರ ಮಧ್ಯಾಹ್ನ ಸಾಬರು ಬರಲಿಲ್ಲ. ಪಿಚ್ಚರ್ ಓಡುತ್ತಾ ಸಿಪಾಯಿ ಸಾಯುವ ಜಾಗಕ್ಕೆ ಬಂತು. ನಾನು ಓಡಿಸಲಿಲ್ಲ. ತೆರೆಯ ಮೇಲೆ ಅಂಚೆಯವನು ಸೈಕಲ್ ನಿಲ್ಲಿಸಿದ, ಟೆಲಿಗ್ರಾಂ ಕೊಟ್ಟ. ಅಕ್ಕಿ ಆರಿಸುತ್ತಿದ್ದ ತಾಯಿಗೆ ಓದಲು ಬರುವುದಿಲ್ಲ, ಏನು ಬರೆದಿದೆಯಪ್ಪಾ ಅಂತ ಅವನನ್ನೇ ಕೇಳಿದಳು. ಗೌರಮ್ಮ ಅಳಲಿಲ್ಲ. ಬೆಂಚು ಹಿಡಿದುಕೊಂಡು ಮೆಲ್ಲಗೆ ಎದ್ದರು, ಸೆರಗು ಹೊದ್ದುಕೊಂಡರು, ನನ್ನ ಹತ್ತಿರ ಬಂದು ನಿಂತರು.

"ಸಾಬಣ್ಣ ಎಲ್ಲಿ ಮೇಷ್ಟ್ರೇ ಇವತ್ತು?"

ಅಷ್ಟೇ ಕೇಳಿ ಹೊರಟುಹೋದರು. ಎಷ್ಟು ಮನಸ್ಸಿಗೆ ತಟ್ಟಿತು ನೋಡಿ, ಪಿಚ್ಚರ್ ಅಂದರೆ ಹೀಗಿರಬೇಕು ಅಂತ ಸಮಿತಿಯವರು ನನ್ನ ಬೆನ್ನು ತಟ್ಟಿದರು. ಮುಂದಿನ ವರ್ಷದಿಂದ ಗೌರಮ್ಮ ಬಾವುಟದ ಹತ್ತಿರವೂ ಬರಲಿಲ್ಲ.

ಕ್ಯಾಸೆಟ್ಟನ್ನು ಡಬ್ಬಿಗೆ ಹಾಕುವಾಗ ಚೀಟಿ ಬಿಚ್ಚಿದೆ. ಟೇಪು ಎಲ್ಲಿಗೆ ಬಂತೆಂದು ಮೆಷಿನ್ ತೋರಿಸುವ ನಂಬರುಗಳನ್ನು ಬರೆದು, ಕೆಳಗೆ ಹೀಗಿತ್ತು: "ಇಲ್ಲಿಂದ ಇಲ್ಲಿಗೆ ಗೌರಮ್ಮ ಕೂತಿದ್ರೆ ಓಡಿಸಿ. ಯಾಕೆ ಅಂತ ಯಾರಿಗೂ ಹೇಳಬೇಡಿ, ಅವರಿಗೆ ಬೇಜಾರಾಗ್ತದೆ."

ಯಾರಿಗೂ ಹೇಳಬೇಡಿ ಅಂತ ಸಾಬರು ಬರೆದದ್ದು ಗೌರಮ್ಮನಿಗೋಸ್ಕರ. ನಾನು ಆ ಸಾಲಿನ ಹಿಂದೆ ಅವಿತುಕೊಂಡೆ. ಸಮಿತಿಯವರಿಗೆ ಹೇಳಲಿಲ್ಲ. ಹೇಳಿದರೆ ನಾನು ಓದಲಿಲ್ಲ ಅನ್ನುವುದೂ ಹೊರಬೀಳುತ್ತಿತ್ತಲ್ಲ. ಗೌರಮ್ಮ ಹೋದರು, ಆಮೇಲೆ ಸಾಬರೂ ಹೋದರು. ಮಣ್ಣಿಗೆ ಹೋಗಿ ಬಂದೆ. ಚೀಟಿ ಮಾತ್ರ ನನ್ನ ಸರ್ವಿಸ್ ಪುಸ್ತಕದ ನಡುವೆ ಹಾಗೇ ಉಳಿಯಿತು. ಆಗಾಗ ತೆಗೆದು ಓದುತ್ತೇನೆ. ಓದಲೇಬೇಕಾದ ದಿನ ಓದದವನಿಗೆ ಈಗ ಅದು ಬಾಯಿಪಾಠ.

ಸವಿತಾ ಫೋನ್ ಇಟ್ಟಮೇಲೆ ಚೀಟಿ ತೆಗೆದುಕೊಂಡು ಪೇಟೆ ಬೀದಿಗೆ ಹೋದೆ. ಮೈಕ್‌ಸೆಟ್ ಅಂಗಡಿ ಈಗ ಜೆರಾಕ್ಸ್ ಅಂಗಡಿ, ಸಾಬರ ಮಗಳು ಶಾಹಿನ್ ನಡೆಸುತ್ತಾಳೆ. ಅವಳು ಚೀಟಿಯನ್ನು ಗಾಜಿನ ಮೇಲೆ ಇಡಲು ಹೋದವಳು ನಿಂತುಬಿಟ್ಟಳು. ಇದು ನಮ್ಮ ಅಬ್ಬಾದು ಅಕ್ಷರ ಅಂದಳು. ಎರಡು ಸಲ ಓದಿದಳು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ, ಮೀಟಿಂಗಿನ ಮಾತನ್ನೂ ಬಿಡಲಿಲ್ಲ. ತಪ್ಪು ನಂದಮ್ಮ ಅಂದೆ. ಅವಳು ಚೀಟಿಯನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದಳು.

"ಆಮೇಲಾಮೇಲೆ ಹದಿನೈದನೇ ತಾರೀಕು ಅಬ್ಬಾ ಪಕ್ಕದ ಶಿವನಿ ಊರಿಗೆ ಹೋಗಿ ಮೈಕ್ ಕಟ್ತಿದ್ರು ಸಾರ್. ನಮ್ಮೂರು ಬಿಟ್ಟು ಅಲ್ಲಿಗ್ಯಾಕೆ ಅಂತ ಕೇಳಿದ್ದೆ. ಅಲ್ಲಿ ಜನ ಪಿಚ್ಚರ್ ನೋಡ್ತಾರಮ್ಮ, ನನ್ನನ್ನ ನೋಡಲ್ಲ ಅಂದಿದ್ರು."

ಮೀಟಿಂಗಿನಲ್ಲಿ ಆಡಿದ್ದೆಲ್ಲ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನನಗೆ ಚೀಟಿ ಬರೆದುಕೊಟ್ಟಿದ್ದರು.

ಅಸಲು ಚೀಟಿಯನ್ನು ಅವಳ ಕೈಗೇ ಕೊಟ್ಟು, ಜೆರಾಕ್ಸ್ ಜೇಬಿಗೆ ಹಾಕಿಕೊಂಡೆ. ಅಲ್ಲೇ ನಿಂತು, ಅವಳಿಗೂ ಕೇಳುವ ಹಾಗೆ ಸವಿತಾಗೆ ಫೋನ್ ಮಾಡಿದೆ. ಪಿಚ್ಚರ್ ಹೆಸರು ಬರೆದುಕೊಳ್ಳಲು ಸವಿತಾ ಪೆನ್ನು ಹುಡುಕುತ್ತಿದ್ದಳು.

"ಪಿಚ್ಚರ್ ಆಮೇಲೆ ಹೇಳ್ತೀನಿ" ಅಂದೆ. "ಮುಂಚೆ ಆರಿಸ್ತಿದ್ದದ್ದು ನಾನಲ್ಲ ಕಣಮ್ಮ."