ಚೊತ್ತೋ ಎಂದರೆ ಎಷ್ಟು?

‘ನೋಡೋಣ’ ಎಂಬ ಮಾತಿಗೆ ನಿಘಂಟು ಏನೇ ಅರ್ಥ ಕೊಡಲಿ, ನಮ್ಮ ಮನೆತನದಲ್ಲಿ ಅದಕ್ಕೆ ‘ಆಗುವುದಿಲ್ಲ’ ಎಂದೇ ಅರ್ಥ. ಸೈಕಲ್ ಕೇಳಿದಾಗ ನನ್ನ ತಂದೆ ಅಂದ ‘ನೋಡೋಣ’ವನ್ನು ಏಳನೆಯ ವಯಸ್ಸಿಗೇ ಸರಿಯಾಗಿ ಗ್ರಹಿಸಿದ್ದೆ; ಜಪಾನಿಗೆ ಬಂದು ತಿಂಗಳುಗಟ್ಟಲೆ ಉಳಿಯುವ ಉತ್ಸಾಹ ತೋರಿದ ನೆಂಟರ ಮೇಲೆ ಅದೇ ಪದವನ್ನು ಪರಮ ವಿನಯದಿಂದ ಪ್ರಯೋಗಿಸಿದ್ದೇನೆ. ಇಂಥ ಭಾಷಾಪಂಡಿತ ಜಪಾನೀ ಭಾಷೆಯ ಒಂದೇ ಒಂದು ಪದಕ್ಕೆ ಎಡವಿಬಿದ್ದದ್ದನ್ನು ಹೇಳುತ್ತೇನೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ.

ಜಪಾನಿನಲ್ಲಿ ದೊಡ್ಡ ಭೂಕಂಪವಾದ ಮರುವರ್ಷ ನಾವು ಇಲ್ಲಿನ ಸಗಮಿಹಾರಾ ನಗರಕ್ಕೆ ಬಂದೆವು. ಮಗಳು ಮೇಘನಾ ಇಲ್ಲಿಯೇ ನಡೆಯಲು ಕಲಿತಳು, ಇಲ್ಲಿಯೇ ಚೆಂಡೆಸೆಯಲೂ ಕಲಿತಳು. ಹನ್ನೊಂದು ತುಂಬುವಷ್ಟರಲ್ಲಿ ಬಡಾವಣೆಯ ಮಕ್ಕಳ ಬೇಸ್‌ಬಾಲ್ ತಂಡಕ್ಕೆ ಅವಳೇ ಮುಖ್ಯ ಪಿಚರ್. ಅವಳ ಎಸೆತಕ್ಕೆ ಎದುರು ನಿಂತ ಹುಡುಗರು ಬರಿಯ ಗಾಳಿಗೆ ಬ್ಯಾಟು ಬೀಸಿ ಹಿಂದಿರುಗುತ್ತಿದ್ದರು. ಕಾಲೇಜಿನ ಕ್ರಿಕೆಟ್ ತಂಡದಲ್ಲಿ ಹನ್ನೆರಡನೆಯವನಾಗಿ ನೀರು ಹೊತ್ತದ್ದಷ್ಟೇ ಸಾಧನೆಯಾಗಿದ್ದ ನನಗೆ ಭೂಮಿ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ತರಬೇತುದಾರ ಮೊರಿತಾ-ಸಾನ್ ಮಿತಭಾಷಿ. ಎಳೆಯ ತೋಳಿಗೆ ಪಂದ್ಯಕ್ಕೆ ಐವತ್ತೇ ಎಸೆತ. ಗೆಲುವು ಕಣ್ಣೆದುರಿಗಿದ್ದರೂ ಐವತ್ತೊಂದನೆಯದಕ್ಕೆ ಬಿಡದೆ ಅವಳನ್ನು ಹೊರಗೆ ಕರೆಸುತ್ತಿದ್ದರು. ಎಣಿಸಿ ಬರೆದುಕೊಳ್ಳುವ ಕೆಲಸ ಸರದಿಯ ಮೇಲೆ ಪೋಷಕರದು. ನನ್ನ ಸರದಿಯ ದಿನ, ಮಗಳೂ ಪಕ್ಕದಲ್ಲಿದ್ದಾಗ, ಈ ವರ್ಷವೇ ಅವಳನ್ನು ದೊಡ್ಡ ಮಕ್ಕಳ ತಂಡಕ್ಕೆ ಏರಿಸಬಹುದೇ ಎಂದು ಕೇಳಿಯೇಬಿಟ್ಟೆ. ಅವರು ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು, ತಲೆ ವಾಲಿಸಿ, “ಚೊತ್ತೋ...” ಎಂದರು.

ಚೊತ್ತೋ ಎಂದರೆ ‘ಸ್ವಲ್ಪ’ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೆ. ಸ್ವಲ್ಪ ತಾನೇ ಕಡಿಮೆ, ಅದನ್ನು ನಾವೇ ತುಂಬಿಸಿಕೊಡೋಣ ಎಂದು ದಿನಾ ಬೆಳಿಗ್ಗೆ ಆರಕ್ಕೆ ಅವಳನ್ನು ಪಾರ್ಕಿಗೆ ಕರೆದೊಯ್ದು ಅರವತ್ತು ಎಸೆತ ಹಾಕಿಸಿದೆ. ತಂಡದ ಪುಸ್ತಕದಲ್ಲಿ ಅವನ್ನು ಬರೆಯಲಿಲ್ಲ.

ನಾಲ್ಕನೆಯ ತಿಂಗಳಲ್ಲಿ, ಒಂದು ಪಂದ್ಯದ ನಡುವೆ, ಅವಳು ಮೊಣಕೈ ಹಿಡಿದುಕೊಂಡು ಕೂತುಬಿಟ್ಟಳು. ಬೆಳೆಯುತ್ತಿದ್ದ ಮೂಳೆಯ ತುದಿ ಬಿರಿದಿದೆ, ಪಿಚರ್ ಆಗುವುದು ಇನ್ನು ಬೇಡ ಎಂದರು ವೈದ್ಯರು, ನನಗೂ ತಿಳಿಯುವಷ್ಟು ಸ್ಪಷ್ಟವಾಗಿ.

ಪಾರ್ಕಿನ ವಿಷಯವನ್ನು ಮೊರಿತಾ-ಸಾನ್‌ಗೆ ಒಪ್ಪಿಕೊಂಡೆ. ಅವರು ಸೊಂಟದವರೆಗೆ ಬಾಗಿ, ಅಂದು ‘ಬೇಡ’ ಎಂದು ಬಾಯಿಬಿಟ್ಟು ಹೇಳದೆ ಹೋದದ್ದು ತಮ್ಮದೇ ತಪ್ಪೆಂದು ಕ್ಷಮೆ ಕೇಳಿದರು. ‘ಚೊತ್ತೋ’ ಎಂಬುದು ಇಲ್ಲಿನವರ ಸಭ್ಯ ನಿರಾಕರಣೆ ಎಂದು ನನಗೆ ತಿಳಿದದ್ದೇ ಆಗ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಬಾಗಿದ ಬೆನ್ನನ್ನು ನೋಡಲಾಗಲಿಲ್ಲ.

ಮನೆಗೆ ಮರಳುವ ರೈಲಿನಲ್ಲಿ ಮಗಳನ್ನು ಕೇಳಿದೆ: “ಪುಟ್ಟಿ, ಅವ್ರು ಬೇಡ ಅಂದಿದ್ದು ಅಂತ ನಿಂಗೆ ಅವತ್ತೇ ಗೊತ್ತಿತ್ತಾ?”

“ಗೊತ್ತಿತ್ತು ಅಪ್ಪ. ಬಟ್ ನೀನು ಡೈಲಿ ನನ್ ಜೊತೆ ಪಾರ್ಕಿಗೆ ಬರ್ತಿದ್ದೆ. ಐ ಲೈಕ್ಡ್ ಇಟ್.”

ಅಳು ಬಂತು, ರೈಲಿನಲ್ಲಿ ಯಾರೂ ತಲೆಯೆತ್ತಿ ನೋಡದಿರುವುದು ಈ ದೇಶದ ದೊಡ್ಡ ಉಪಕಾರ. ಈಗಲೂ ಬೆಳಿಗ್ಗೆ ಆರಕ್ಕೆ ಇಬ್ಬರೂ ಪಾರ್ಕಿಗೆ ಹೋಗುತ್ತೇವೆ. ಬರಿಗೈಯಲ್ಲಿ ಒಂದು ಸುತ್ತು ನಡೆದು ಬರುತ್ತೇವೆ.