ವೀಣೆ ತಂತಿಯ ಡಬ್ಬಿ

ಮುಚ್ಚಳ ತೆಗೆದ ಕೂಡಲೇ ರಾಳದ ವಾಸನೆ. ಬೆಸುಗೆ ಹಾಕುವಾಗ ಏಳುವ ಆ ಹೊಗೆಯ ಘಾಟು ಇಷ್ಟು ವರ್ಷ ಡಬ್ಬಿಯೊಳಗೆ ಹೇಗೆ ಉಳಿದಿತ್ತೋ... ಅದರ ಹಿಂದೆಯೇ ಕೊಬ್ಬರಿ ಎಣ್ಣೆಯ ವಾಸನೆಯೂ ಬಂದಂತಾಯಿತು. ಅದು ಮಾತ್ರ ನನ್ನ ಭ್ರಮೆಯೇ ಇರಬೇಕು. ಅಂಗೈಯಗಲದ ಅಲ್ಯುಮಿನಿಯಂ ಡಬ್ಬಿ. ಅಮ್ಮ ವೀಣೆಯ ತಂತಿಗಳನ್ನು ಎಣ್ಣೆ ಸವರಿ ಸುತ್ತಿಡುತ್ತಿದ್ದದ್ದು. ನಾನು ಮುಟ್ಟಿದರೆ ಕೈಮೇಲೆ ಏಟು ಬೀಳುತ್ತಿತ್ತು. ಅದನ್ನು ಅಮ್ಮ ತಾನಾಗಿಯೇ ಕೊಟ್ಟದ್ದು ಮಹಡಿಮನೆಯವನಿಗೆ.

ಬಸವನಗುಡಿಯ ನಮ್ಮ ಮನೆಯ ಮೇಲ್ಗಡೆ ಬಾಡಿಗೆಗಿದ್ದವರ ಮಗ ಅವನು, ನನ್ನ ಓರಗೆಯವನು. ಇಬ್ಬರಿಗೂ ಗಿಟಾರಿನ ಹುಚ್ಚು. ಬೀದಿಯ ಹುಡುಗರೆಲ್ಲ ಅಮ್ಮನನ್ನು ಆಂಟಿ ಎನ್ನುತ್ತಿದ್ದರೆ ಇವನು ಬಂದ ಹೊಸದರಲ್ಲೇ ‘ಅಮ್ಮ’ ಎಂದು ಶುರುಮಾಡಿದ. ನನಗೆ ಅಂದೇ ಮೈ ಉರಿದಿತ್ತು. ಅಮ್ಮ ಮನೆಯಲ್ಲೇ ವೀಣೆ ಪಾಠ ಹೇಳುತ್ತಿದ್ದಳು. ನಾನು ಗಿಟಾರ್ ಎತ್ತಿಕೊಂಡರೆ, ‘ಸಾಕು ನಿಲ್ಸೋ, ಪಾಠಕ್ಕೆ ಮಕ್ಳು ಬರೋ ಹೊತ್ತು’ ಎನ್ನುವಳು. ಅಷ್ಟೇ ವಿಮರ್ಶೆ. ಚೆನ್ನಾಗಿದೆ ಎಂದು ಒಮ್ಮೆಯಾದರೂ ಅನ್ನಲಿ ಅಂತ ನಾನು ಬಾಗಿಲು ತೆರೆದಿಟ್ಟುಕೊಂಡೇ ನುಡಿಸುತ್ತಿದ್ದೆ.

ಆ ಬೇಸಿಗೆ ಇಬ್ಬರೂ ಸೇರಿ ಓವರ್‌ಡ್ರೈವ್ ಪೆಡಲ್ ಮಾಡಲು ಹೊರಟೆವು. ಕಾಲಲ್ಲಿ ಒತ್ತಿದರೆ ಗಿಟಾರಿನ ನುಣುಪು ದನಿ ಒರಟಾಗಿ ಗುಡುಗಬೇಕು. ಅದಕ್ಕೊಂದು ಸಣ್ಣ ಸರ್ಕ್ಯೂಟ್. ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದದ್ದು ನಾನು, ನಕ್ಷೆ ಬರೆದುಕೊಂಡದ್ದು ನಾನು. ಬೆಸುಗೆ ಅವನದು. ಲೋಹದ ಪೆಟ್ಟಿಗೆಯಲ್ಲಿಟ್ಟರೆ ಕರೆಂಟಿನ ಗುಂಯ್ ಸದ್ದು ನುಸುಳುವುದಿಲ್ಲ ಎಂದು ಅವನು ಅಮ್ಮನ ಮುಂದೆ ಅಂದನಷ್ಟೇ. ತಂತಿಗಳನ್ನೆಲ್ಲ ಹಳೇ ಪೇಪರಿನ ಮೇಲೆ ಸುರಿದು ಡಬ್ಬಿಯನ್ನು ಅವನ ಕೈಗಿಟ್ಟಳು.

ಆದರೆ ಡಬ್ಬಿಯೊಳಗೆ ಕೂರಿಸಿದ ಪೆಡಲ್ ಗುಡುಗಲಿಲ್ಲ. ಕರೆಂಟಿನ ಸದ್ದೇನೋ ಇರಲಿಲ್ಲ, ಗಿಟಾರಿನ ದನಿಯೇ ಲೋಟದೊಳಗೆ ಸಿಕ್ಕಿಬಿದ್ದ ನೊಣದಂತೆ ಗುಂಯ್‌ಗುಟ್ಟಿತು. ನಾನು ನಕ್ಷೆಯೊಂದಿಗೆ ತಾಳೆ ನೋಡಿದೆ, ಎಲ್ಲ ಸರಿಯಾಗಿತ್ತು. ಅವನು ನಕ್ಷೆಯತ್ತ ತಿರುಗಿಯೂ ನೋಡಲಿಲ್ಲ. ಎಲ್ಲವನ್ನೂ ಹೊತ್ತು ಕೆಳಗಿಳಿದು, ತಂಬೂರಿ ಶ್ರುತಿ ಮಾಡುತ್ತಿದ್ದ ಅಮ್ಮನ ಮುಂದೆ ಇಟ್ಟ.

‘ಅಮ್ಮ, ಸ್ವಲ್ಪ ಕೇಳಿ. ಏನೋ ಸರಿಹೋಗ್ತಿಲ್ಲ.’

ಅವನು ನುಡಿಸಿದ್ದನ್ನು ಅಮ್ಮ ಕಣ್ಣುಮುಚ್ಚಿ ಕೇಳಿದಳು. ನಾನು ನುಡಿಸುವಾಗ ಎಂದೂ ಹಾಗೆ ಕಣ್ಣು ಮುಚ್ಚಿದವಳಲ್ಲ. ಆಮೇಲೆ ತಂಬೂರಿಯ ಬುಡದಲ್ಲಿ ತಂತಿಯ ಅಡಿ ಸಿಕ್ಕಿಸಿದ್ದ ನೂಲಿನ ಎಳೆಯನ್ನು ಉಗುರಿನಿಂದ ಚೂರೇ ಚೂರು ಸರಿಸಿ ಮೀಟಿದಳು. ಮೊಂಡಾಗಿದ್ದ ನಾದ ಝೇಂಕರಿಸುತ್ತ ಕೋಣೆ ತುಂಬ ಹರಡಿತು.

‘ನಿಂದೂ ಹೀಗೇ ಬಿಗಿಯಾಗಿ ಕೂತ್ಬಿಟ್ಟಿದೆ ಕಣೋ. ಎಲ್ಲೋ ಒಂದು ಕಡೆ ಚೂರು ಸರಿಸು.’

ಅಮ್ಮನಿಗೆ ಸರ್ಕ್ಯೂಟಿನ ಗಂಧಗಾಳಿ ಇರಲಿಲ್ಲ. ಆದರೂ ಅವನಿಗೆ ಅರ್ಥವಾಯಿತು. ದನಿಯ ಅಲೆಯ ಮೇಲ್ತುದಿ ಕೆಳತುದಿಗಳನ್ನು ಒಂದೇ ಸಮ ಕತ್ತರಿಸುತ್ತಿದ್ದ ಜೋಡಿ ಡಯೋಡುಗಳಲ್ಲಿ ಒಂದನ್ನು ಕಿತ್ತು, ಕೆಟ್ಟ ರೇಡಿಯೊದಿಂದ ತೆಗೆದ ಹಳೆಯದೊಂದನ್ನು ಹಾಕತೊಡಗಿದ.

‘ಲೋ, ಎರಡೂ ಒಂದೇ ಥರದ್ದು ಇರ್ಬೇಕು ಅಂತ ನಕ್ಷೇಲಿದೆ,’ ಎಂದೆ.

‘ಇರ್ಲಿ ಬಿಡು ಮಗಾ, ಅಮ್ಮ ಹೇಳಿದಾರಲ್ಲ,’ ಎಂದ.

ಯಾರ ಅಮ್ಮ!

ಈ ಸಲ ದನಿ ಒರಟಾಗಿ, ಬೆಚ್ಚಗೆ ಎದ್ದು ಬಹಳ ಹೊತ್ತು ನಿಂತಿತು. ಅಮ್ಮ ‘ಭೇಷ್’ ಎಂದಳು. ಅಷ್ಟು ವರ್ಷ ನಾನು ಕಾದಿದ್ದ ಮಾತು, ಪಕ್ಕದಲ್ಲೇ ನಿಂತಿದ್ದ ನನ್ನನ್ನು ದಾಟಿ ಅವನಿಗೆ ಹೋಯಿತು.

ಮುಂದೆ ಅವರು ಮನೆ ಖಾಲಿ ಮಾಡಿ ಮಲ್ಲೇಶ್ವರಕ್ಕೆ ಹೋದರು. ಡಬ್ಬಿಯೂ ಹೋಯಿತು. ಪ್ರತಿ ಹಬ್ಬಕ್ಕೂ ಬಂದು ಅಮ್ಮನ ಕಾಲಿಗೆ ಬೀಳುತ್ತಿದ್ದ. ‘ಡಬ್ಬಿ ಇನ್ನೂ ಹಾಡುತ್ತೇನೋ?’ ಎಂದು ಅಮ್ಮ ಕೇಳುವಳು. ನನ್ನ ಗಿಟಾರ್ ಗೋಡೆಯ ಮೇಲೆ ನೇತಾಡುತ್ತಿತ್ತು. ಅದರ ಸುದ್ದಿ ಕೇಳಿದವರಿಲ್ಲ...

ಅಮ್ಮ ಹೋಗಿ ಕೆಲವು ವರ್ಷಗಳಾದವು. ಕಳೆದ ತಿಂಗಳು ಅವನೂ ಹೋದ. ನಿನ್ನೆ ಅವನ ಹೆಂಡತಿ ಡಬ್ಬಿ ತಂದುಕೊಟ್ಟರು. ‘ಇದು ನಿಮ್ಮನೇದು ಅಂತ ಯಾವಾಗ್ಲೂ ಹೇಳ್ತಿದ್ರು,’ ಎಂದರು.

ಇವತ್ತು ಹೊಸ ಬ್ಯಾಟರಿ ಹಾಕಿ ನುಡಿಸಿದೆ, ಹಳೆಯ ಅಭ್ಯಾಸದಂತೆ ಬಾಗಿಲು ತೆರೆದಿಟ್ಟು. ದನಿ ಹಾಗೆಯೇ ಇದೆ. ಹೇಗಿದೆ ಎಂದು ಕೇಳೋಣವೆಂದರೆ ಅಮ್ಮನಿಲ್ಲ. ಹೊಟ್ಟೆಕಿಚ್ಚು ಪಡೋಣವೆಂದರೆ ಅವನೂ ಇಲ್ಲ... ಸುಳ್ಳೇಕೆ, ಪಡುತ್ತಲೇ ಇದ್ದೇನೆ. ಅಮ್ಮನ ಹತ್ತಿರಕ್ಕೂ ಅವನೇ ಮೊದಲು ಹೋಗಿಬಿಟ್ಟ.